ಮಗನ ಕಿಡ್ನಿ ಅಪ್ಪನಿಗೆ ಆದೀತೆ?

ತಂದೆಯ ಎರಡೂ ಮೂತ್ರಪಿಂಡಗಳು ಕೆಟ್ಟಿವೆ. 22 ವರ್ಷದ ಮಗ ತನ್ನದೊಂದನ್ನು ಕೊಡಲು ಸಿದ್ಧನಿದ್ದಾನೆ. ರಕ್ತದ ಗುಂಪು ಹೊಂದುತ್ತದೆ, ಸ್ಕ್ಯಾನಿಂಗ್‌ನಲ್ಲಿ ದೋಷವೇನೂ ಕಂಡಿಲ್ಲ. ಆದರೂ ವೈದ್ಯರು ಅವಸರಪಡುವುದಿಲ್ಲ. ಏಕೆ?

ತಂದೆಗಿರುವುದು ವಂಶಪಾರಂಪರ್ಯವಾಗಿ ಬರುವ ‘ಪಾಲಿಸಿಸ್ಟಿಕ್ ಕಿಡ್ನಿ’ ರೋಗವಾದರೆ ಅದಕ್ಕೆ ಬಲವಾದ ಕಾರಣವಿದೆ. ಈ ರೋಗದಲ್ಲಿ ಮೂತ್ರಪಿಂಡಗಳ ತುಂಬ ನೀರುಗುಳ್ಳೆಗಳು ಏಳುತ್ತವೆ. ಮುಷ್ಟಿಗಾತ್ರದ, ಸುಮಾರು 150 ಗ್ರಾಂ ತೂಗುವ ಅಂಗ ಹಲವು ಕಿಲೋ ತೂಗುವಷ್ಟು ಊದಿಕೊಳ್ಳುವುದೂ ಉಂಟು. ಗುಳ್ಳೆಗಳು ಬೆಳೆದಂತೆ ರಕ್ತ ಸೋಸುವ ಭಾಗ ನಶಿಸುತ್ತದೆ. ಎಲ್ಲವೂ ನಿಧಾನವಾಗಿ ನಡೆಯುವುದರಿಂದ ಹಲವರಿಗೆ ಮೂವತ್ತು ದಾಟುವವರೆಗೂ ಸುಳಿವೇ ಸಿಗುವುದಿಲ್ಲ.

ರೋಗದ ಮೂಲ ಹೆಚ್ಚಾಗಿ ಎರಡು ವಂಶವಾಹಿಗಳಲ್ಲಿದೆ. 16ನೆಯ ವರ್ಣತಂತುವಿನಲ್ಲಿರುವ ‘ಪಿಕೆಡಿ-1’ 1994ರಲ್ಲಿ ಪತ್ತೆಯಾಯಿತು. 4ನೆಯದರಲ್ಲಿರುವ ‘ಪಿಕೆಡಿ-2’ 1996ರಲ್ಲಿ. ಎರಡನೆಯದರಲ್ಲಿ ದೋಷವಿದ್ದರೆ ಕಿಡ್ನಿ ಸೋಲುವುದು ಸರಾಸರಿ 20 ವರ್ಷ ತಡ. ಮೆಂಡೆಲನ ಬಟಾಣಿ ಗಿಡಗಳ ಪಾಠ ನೆನಪಿದೆಯೆ? ಇದು ಅಲ್ಲಿ ಹೇಳಿದ ಪ್ರಬಲ ಲಕ್ಷಣದಂತೆ. ತಂದೆ ಅಥವಾ ತಾಯಿಯಿಂದ ಬಂದ ಒಂದೇ ಕೆಟ್ಟ ಪ್ರತಿ ಸಾಕು. ಪ್ರತಿ ಮಗುವಿಗೂ ಶೇ. 50ರಷ್ಟು ಸಾಧ್ಯತೆ. ಪ್ರತಿ ಸಲವೂ ಹೊಸದಾಗಿ ನಾಣ್ಯ ಚಿಮ್ಮಿದಂತೆ. ಅಣ್ಣನಿಗೆ ಬಂದಿದೆಯೆಂದು ತಂಗಿ ಪಾರಾದಳು ಎನ್ನಲಾಗದು.

ಮನೆಯಲ್ಲಿ ರೋಗವಿದ್ದರೂ ನಲವತ್ತರ ನಂತರ ಸ್ಕ್ಯಾನಿಂಗ್‌ನಲ್ಲಿ ಒಂದೂ ಗುಳ್ಳೆ ಕಾಣದಿದ್ದರೆ ಬಹುಮಟ್ಟಿಗೆ ನಿಶ್ಚಿಂತೆ. ಇಪ್ಪತ್ತೆರಡರಲ್ಲಿ ಆ ಭರವಸೆ ಇಲ್ಲ. ಆಗ ನೆರವಿಗೆ ಬರುವುದು ಡಿಎನ್‌ಎ ಪರೀಕ್ಷೆ. ಮೊದಲು ತಂದೆಯ ರಕ್ತ ಪರೀಕ್ಷಿಸಿ ವಂಶವಾಹಿಯ ಯಾವ ಜಾಗದಲ್ಲಿ ದೋಷವಿದೆಯೆಂದು ಪತ್ತೆಹಚ್ಚುತ್ತಾರೆ. ಬಳಿಕ ಮಗನಲ್ಲಿ ಅದೇ ಜಾಗ ನೋಡುತ್ತಾರೆ. ದೋಷವಿಲ್ಲದಿದ್ದರೆ ದಾನಕ್ಕೆ ಈ ರೋಗದ ಅಡ್ಡಿಯಿಲ್ಲ. ಇದ್ದರೆ ಕೊಡುವಂತಿಲ್ಲ, ಮುಂದೆ ಅವನಿಗೇ ಎರಡೂ ಬೇಕಾಗುತ್ತವೆ. ತಂದೆಯಲ್ಲೇ ದೋಷ ಸಿಗದಿದ್ದರೆ ಮಗನ ಪರೀಕ್ಷೆಯಿಂದ ಏನೂ ತಿಳಿಯದು.

ಕೆಟ್ಟ ವಂಶವಾಹಿಯನ್ನು ಸರಿಪಡಿಸುವ ಚಿಕಿತ್ಸೆ ಇನ್ನೂ ಬಳಕೆಗೆ ಬಂದಿಲ್ಲ. ಗುಳ್ಳೆಗಳ ಬೆಳವಣಿಗೆಯನ್ನು ನಿಧಾನಗೊಳಿಸುವ ಟೊಲ್ವಾಪ್ಟಾನ್ ಮಾತ್ರೆಗೆ 2014ರಲ್ಲಿ ಜಪಾನ್, 2018ರಲ್ಲಿ ಅಮೆರಿಕ ಈ ರೋಗಕ್ಕಾಗಿ ಒಪ್ಪಿಗೆ ನೀಡಿದವು. ರೋಗ ಬೇಗ ಬೆಳೆಯುವವರಿಗೆ ಮಾತ್ರ ಅದನ್ನು ಕೊಡುತ್ತಾರೆ. ಯಕೃತ್ತಿನ ಮೇಲೆ ಕಣ್ಣಿಟ್ಟಿರಬೇಕು. ಯಾರಿಗೆ ಬೇಗ ಬೆಳೆದೀತು ಎಂದು ಅಂದಾಜಿಸಲೂ ವಂಶವಾಹಿಯ ವಿವರ ನೆರವಾಗುತ್ತದೆ. ರಕ್ತದೊತ್ತಡದ ಹತೋಟಿ ಮತ್ತು ಉಪ್ಪಿನ ಮಿತಿ ಎಲ್ಲ ರೋಗಿಗಳಿಗೂ ಬೇಕು.

ಈ ರೋಗ ಹೆತ್ತವರ ತಪ್ಪಲ್ಲ, ಯಾರ ಶಾಪವೂ ಅಲ್ಲ. ಮನೆಯಲ್ಲಿ ಒಬ್ಬರಿಗಿದ್ದರೆ ಮಕ್ಕಳಿಂದ ಮುಚ್ಚಿಡದೆ, ಅವರ ರಕ್ತದೊತ್ತಡವನ್ನು ಆಗಾಗ ನೋಡಿಸುವುದು ಜಾಣತನ.