ಕಾಯಿಕೊರಕಕ್ಕೆ ಬಿಳಿ ಬೂಷ್ಟು ಸಾಕೇ?

ಕಾಫಿ ತೋಟಕ್ಕೆ ಬ್ಯುವೇರಿಯಾ ಎಂಬ ಬಿಳಿ ಶಿಲೀಂಧ್ರದ ಪುಡಿ ಕಲಸಿ ಹೊಡೆಸಿದ ಬೆಳೆಗಾರರು ಆಗಾಗ ಹೇಳುವ ಮಾತು: “ಹೊಡೆಸಿದ್ದು ದಂಡ, ಹುಳ ಹಾಗೇ ಇದೆ.” ಈ ದೂರನ್ನು ತಳ್ಳಿಹಾಕುವಂತಿಲ್ಲ. ಆದರೆ ಮರುದಿನವೇ ಹುಳ ಉದುರಬೇಕೆಂಬ ನಿರೀಕ್ಷೆ ನಮಗೆ ಬಂದದ್ದು ರಾಸಾಯನಿಕಗಳಿಂದ. ಜೀವವಿರುವ ಶಿಲೀಂಧ್ರವನ್ನು ಅದೇ ಅಳತೆಗೋಲಿನಿಂದ ಅಳೆದರೆ ಅದು ಸೋತಂತೆಯೇ ಕಾಣುತ್ತದೆ.

ಕಾಯಿಕೊರಕ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅಲ್ಲಿಂದ ವಯನಾಡು, ಕೊಡಗಿಗೆ ಹಬ್ಬಿತು. ಎರಡು ಮಿಲಿಮೀಟರ್ ಕೂಡ ಇಲ್ಲದ ಕಪ್ಪು ದುಂಬಿ ಇದು. ಹೆಣ್ಣು ಕಾಯಿಯ ಹೊಕ್ಕುಳಲ್ಲಿ ತೂತು ಕೊರೆದು ಬೀಜದೊಳಗೆ ಮೊಟ್ಟೆಯಿಡುತ್ತದೆ. ಮರಿಗಳು ಬೀಜವನ್ನೇ ತಿಂದು ಬೆಳೆದು ಅಲ್ಲೇ ಕೂಡುತ್ತವೆ. ಗಂಡಿಗೆ ಹಾರಲು ಬಾರದು. ಹೊರಗಿನಿಂದ ಹೊಡೆದ ವಿಷ ಇವಕ್ಕೆ ತಾಗುವುದಾದರೂ ಹೇಗೆ? ನ್ಯೂ ಕ್ಯಾಲಿಡೋನಿಯಾದಲ್ಲಿ 1980ರ ದಶಕದ ಕೊನೆಗೇ ಈ ಹುಳ ಎಂಡೋಸಲ್ಫಾನಿಗೆ ಜಗ್ಗದಂತಾಗಿತ್ತು. ಅದೇ ಎಂಡೋಸಲ್ಫಾನನ್ನು ಗೇರುತೋಪುಗಳ ಮೇಲೆ ಸುರಿದದ್ದಕ್ಕೆ ಕಾಸರಗೋಡು, ದಕ್ಷಿಣ ಕನ್ನಡದ ಮನೆಗಳು ತೆತ್ತ ಬೆಲೆ ನಮ್ಮೆಲ್ಲರ ಕಣ್ಣೆದುರಿಗಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಆ ದಾರಿಗೆ ಮರಳುವ ಮಾತು ಬೇಡ.

ಶಿಲೀಂಧ್ರಕ್ಕೆ ಸಿಗುವ ಅವಕಾಶ ಸಣ್ಣದು. ಕಾಯಿ ಎಳೆಯದಾಗಿದ್ದರೆ, ಬೀಜ ಗಟ್ಟಿಯಾಗುವ ತನಕ ಹೆಣ್ಣು ದುಂಬಿ ತೂತಿನ ಬಾಯಲ್ಲೇ ಕಾದಿರುತ್ತದೆ. ಆಗ ಬೀಜಾಣು ಅದರ ಮೈಗಂಟಿ, ಮೊಳೆತು, ಗಟ್ಟಿ ಹೊರಪದರವನ್ನು ಕರಗಿಸಿ ಒಳಹೊಕ್ಕು ಕೆಲವು ದಿನಗಳಲ್ಲಿ ಕೊಲ್ಲುತ್ತದೆ. ಹವೆಯಲ್ಲಿ ತೇವವಿದ್ದರೆ ಸತ್ತ ದುಂಬಿಯ ಮೈಯಿಂದ ಬೂಷ್ಟು ಹೊರಬಂದು, ಹಸಿರು ಕಾಯಿಯ ಹೊಕ್ಕುಳಿಗೆ ಹತ್ತಿಯ ಚೂರು ಅಂಟಿಸಿದಂತೆ ಬೆಳ್ಳಗೆ ಕಾಣುತ್ತದೆ. ಹುಳ ಬೀಜದೊಳಗೆ ಸೇರಿಕೊಂಡ ಮೇಲೆ ಹೊಡೆಸಿದರೆ ಹಣ ಪೋಲು. ಕಡುಬಿಸಿಲಿಗೆ ಬೀಜಾಣು ಕೆಲವೇ ಗಂಟೆಗಳಲ್ಲಿ ಸಾಯುವುದರಿಂದ ಮರದ ನೆರಳಿರುವ ನಮ್ಮ ತೋಟಗಳೇ ಇದಕ್ಕೆ ತಕ್ಕ ಜಾಗ. ಎಲೆತುಕ್ಕಿಗೆಂದು ಕಲಸಿದ ಬೋರ್ಡೋ ದ್ರಾವಣಕ್ಕೇ ಇದನ್ನೂ ಸುರಿದರೆ, ಶಿಲೀಂಧ್ರ ಕೊಲ್ಲುವ ಮದ್ದಿಗೆ ಶಿಲೀಂಧ್ರವನ್ನು ಒಪ್ಪಿಸಿದಂತಾಗುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಮುಖ್ಯ ಕೆಲಸ ಉಳಿದೇ ಇರುತ್ತದೆ. ಕೊಯ್ಲು ಮುಗಿದ ಮೇಲೆ ಗಿಡದಲ್ಲಿ ಉಳಿದ, ನೆಲಕ್ಕುದುರಿದ ಹಣ್ಣುಗಳಲ್ಲೇ ಹುಳ ಮುಂದಿನ ಫಸಲಿಗೆ ದಾಟುತ್ತದೆ. ಅವನ್ನು ಹೆಕ್ಕಿ ತೆಗೆಯದ ತೋಟವನ್ನು ಯಾವ ಬೂಷ್ಟೂ ಕಾಯಲಾರದು. ಆಳು ಸಿಗದ ಈ ಕಾಲದಲ್ಲಿ ಹೆಕ್ಕಿಸುವುದು ದುಬಾರಿ, ಬಾಗಿ ಬಾಗಿ ಹೆಕ್ಕುವವರ ಸೊಂಟಕ್ಕೂ ಕಷ್ಟ. ಪ್ಯಾಕೆಟ್ಟಿನ ಪುಡಿಯ ಮೇಲೆ ಆಸೆ ಹುಟ್ಟುವುದು ಅದಕ್ಕೇ. ಹಾಗಾಗಿ ಸಹಾಯಧನ ಸಿಂಪರಣೆಗೆ ಸಿಗುವಷ್ಟೇ ಹೆಕ್ಕುವ ಕೂಲಿಗೂ ಸಿಗಬೇಕು ಎಂಬುದು ನನ್ನ ವಾದ. ಸಣ್ಣ ಬೆಳೆಗಾರರಿಗಂತೂ ಮೊದಲು ಅದೇ ಸಿಗಬೇಕು.

ಪುಡಿಯ ಗುಣಮಟ್ಟದ ಪ್ರಶ್ನೆಯೂ ಇದೆ. ಗ್ರಾಮಿಗೆ 10 ಕೋಟಿ ಬೀಜಾಣು ಎಂದು ಪ್ಯಾಕೆಟ್ಟಿನ ಮೇಲೆ ಅಚ್ಚಾಗಿದ್ದರೂ, ಅಂಗಡಿಯ ಸೆಕೆಯಲ್ಲಿ ತಿಂಗಳುಗಟ್ಟಲೆ ಕೂತ ಪುಡಿಯಲ್ಲಿ ಜೀವ ಎಷ್ಟು ಉಳಿದಿದೆಯೆಂದು ಕೊಳ್ಳುವವನಿಗೆ ಹೇಗೆ ತಿಳಿಯಬೇಕು? ಕೊಲಂಬಿಯಾದಲ್ಲಿ ರೈತರು ಇದೇ ಶಿಲೀಂಧ್ರವನ್ನು ಬಾಟಲಿಗಳಲ್ಲಿ ಬೇಯಿಸಿದ ಅಕ್ಕಿಯ ಮೇಲೆ ಬೆಳೆಸಿಕೊಂಡದ್ದುಂಟು. ನಮ್ಮ ಬೆಳೆಗಾರರ ಸಂಘಗಳೂ ಇದಕ್ಕೆ ಕೈಹಾಕಬಹುದು. ಆದರೆ ಪರೀಕ್ಷಿಸಿ ಕೊಡುವ ಪ್ರಯೋಗಾಲಯವೊಂದು ಹತ್ತಿರದಲ್ಲಿರಬೇಕು.

ಜೈವಿಕ ಎಂದ ಮಾತ್ರಕ್ಕೆ ಇದು ಎಲ್ಲರಿಗೂ ಸಾಧುವಲ್ಲ. ಇಟಲಿಯ ಅಗೊಸ್ಟಿನೊ ಬಾಸಿ 1835ರಲ್ಲಿ ರೇಷ್ಮೆಹುಳುಗಳನ್ನು ಕೊಲ್ಲುತ್ತಿರುವುದು ಇದೇ ಶಿಲೀಂಧ್ರ ಎಂದು ತೋರಿಸಿಕೊಟ್ಟ. ನಮ್ಮ ರೇಷ್ಮೆ ಬೆಳೆಗಾರರಿಗೆ ಅದು ಸುಣ್ಣಕಟ್ಟು ರೋಗ. ಒಂದು ಜಿಲ್ಲೆಯ ಕಾಫಿ ಕಾಯುವ ಬೀಜಾಣು ಇನ್ನೊಂದು ಜಿಲ್ಲೆಯಲ್ಲಿ ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಯನ್ನು ಬರಿದು ಮಾಡಬಲ್ಲದು. ಹಿಪ್ಪುನೇರಳೆ ಬೆಳೆಯುವ ಊರುಗಳಲ್ಲಿ ಯಾವ ಬೆಳೆಯ ಹೆಸರಿನಲ್ಲೂ ಇದನ್ನು ಹೊಡೆಯಲು ಬಿಡಬಾರದು, ಮಾರುವವರು ಆ ಎಚ್ಚರಿಕೆಯನ್ನು ಪ್ಯಾಕೆಟ್ಟಿನ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ ಅಚ್ಚುಹಾಕಬೇಕು.