ಅವಳೂ ನಮ್ಮ ಜಿಲ್ಲೆಯವಳೇ

ಕಳೆದ ರಜೆಯಲ್ಲಿ ಹಾಸ್ಟೆಲ್ ಗೆಳತಿಯನ್ನು ಹೊನ್ನಾವರದ ನಮ್ಮ ಮನೆಗೆ ಕರೆದುಕೊಂಡು ಹೋಗಿದ್ದೆ. ಬಸ್ಸಿನಲ್ಲಿ ಕಂಡಕ್ಟರ್ ನನ್ನನ್ನು ಕನ್ನಡದಲ್ಲಿ ಮಾತನಾಡಿಸಿ, ಅವಳನ್ನು ಹಿಂದಿಯಲ್ಲಿ ಕೇಳಿದರು. ‘ನಂಗೂ ಹೊನ್ನಾವರಕ್ಕೇ ಕೊಡಿ ಅಣ್ಣಾ’ ಎಂದಳು. ‘ಕನ್ನಡ ಚಲೋ ಕಲ್ತಿದ್ಯಲ್ಲೇ ತಂಗಿ’ ಎಂದು ಹಿಂದಿನ ಸೀಟಿನವರು ಮೆಚ್ಚಿ ನಕ್ಕರು. ಅವಳ ಊರು ಯಲ್ಲಾಪುರ ತಾಲ್ಲೂಕಿನಲ್ಲಿದೆ. ನಮ್ಮದೇ ಉತ್ತರ ಕನ್ನಡ.

ಅವಳು ಸಿದ್ದಿ ಸಮುದಾಯದವಳು. ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದ ಆಫ್ರಿಕನ್ನರಲ್ಲಿ ಹಲವರು ಶತಮಾನಗಳ ಹಿಂದೆಯೇ ತಪ್ಪಿಸಿಕೊಂಡು ಇಲ್ಲಿನ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಗಳಲ್ಲಿ ಇಂದು ಅವರ ವಂಶದವರಿದ್ದಾರೆ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಜಿಲ್ಲೆಯ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇಷ್ಟಾದರೂ ಅವಳಿಗೆ ಎದುರಾಗುವ ಮೊದಲ ಪ್ರಶ್ನೆ: ‘ಯಾವ ದೇಶ?’

ಬಿ.ಇ. ತರಗತಿಯಲ್ಲಿ ಲ್ಯಾಬ್ ಎಂದರೆ ಹುಡುಗರು ವೈರಿಂಗ್ ಮಾಡುತ್ತಾರೆ, ಹುಡುಗಿಯರು ರೆಕಾರ್ಡ್ ಬರೆಯುತ್ತಾರೆ. ಈ ತಾರತಮ್ಯಕ್ಕೆ ನನಗೆ ಸಿಟ್ಟಿದೆ. ಆದರೆ ಅವಳಿಗೆ ಅದರ ಮೇಲೆ ಇನ್ನೊಂದು ಹೊರೆ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿ ಕೊಟ್ಟಿತ್ತು. ಆ ಯೋಜನೆ ನಿಂತು ಎಷ್ಟೋ ವರ್ಷಗಳಾದವು. ಆದರೂ ಅವಳನ್ನು ಕಂಡರೆ ‘ಓಟಕ್ಕೆ ಹೆಸರು ಕೊಡು’, ‘ವಾರ್ಷಿಕೋತ್ಸವದಲ್ಲಿ ನಿಮ್ಮ ಡ್ಯಾನ್ಸ್ ಇರಲಿ’ ಎನ್ನುತ್ತಾರೆ. ಗಣಿತದಲ್ಲಿ ಹೆಚ್ಚು ಅಂಕ ಬಂದರೆ ಮಾತ್ರ ಅಚ್ಚರಿಪಡುತ್ತಾರೆ.

ಬೇರೆಯವರನ್ನಷ್ಟೇ ದೂರಿದರೆ ತಪ್ಪಾಗುತ್ತದೆ. ಮಿನಿ ಪ್ರಾಜೆಕ್ಟ್‌ಗೆ ತಂಡ ಕಟ್ಟುವಾಗ ‘ಒಳ್ಳೆಯ ಅಂಕ ಬರಬೇಕು’ ಎಂದು ನಾನು ಬೇರೆ ಮೂವರನ್ನು ಆರಿಸಿಕೊಂಡೆ. ಪರೀಕ್ಷೆಯ ಹಿಂದಿನ ರಾತ್ರಿ ನನಗೆ ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಹೇಳಿಕೊಟ್ಟ ರೂಂಮೇಟ್ ನೆನಪಾಗಲೇ ಇಲ್ಲ. ಅವಳು ಕೊನೆಗೆ ಉಳಿದವರ ತಂಡ ಸೇರಿದಳು. ನನ್ನನ್ನು ಏನೂ ಕೇಳಲಿಲ್ಲ. ಬಸ್ಸಿನಲ್ಲಿ ನಕ್ಕವರಿಗಿಂತ ನಾನು ಹೇಗೆ ಮೇಲು?

ಮೀಸಲಾತಿ ಕಾಲೇಜಿನ ಗೇಟು ತೆರೆಯುತ್ತದೆ. ಒಳಗೆ ಪಕ್ಕದ ಬೆಂಚು ಬಿಟ್ಟುಕೊಡಬೇಕಾದವರು ನಾವು. ಪ್ರಾಜೆಕ್ಟ್ ತಂಡಗಳನ್ನು ಅಧ್ಯಾಪಕರೇ ಚೀಟಿ ಎತ್ತಿ ಮಾಡಲಿ. ಲ್ಯಾಬ್‌ನಲ್ಲಿ ವೈರಿಂಗ್, ರೆಕಾರ್ಡ್ ಎಲ್ಲರಿಗೂ ಸರದಿಯಂತೆ ಬರಲಿ. ತಾರತಮ್ಯ ತಡೆಗೆ ಸಮಾನ ಅವಕಾಶ ಘಟಕ ಇರಬೇಕೆಂದು ಯುಜಿಸಿ 2012ರಲ್ಲೇ ನಿಯಮ ಮಾಡಿದೆ. ಅದರ ವಿವರ ನೋಟಿಸ್ ಬೋರ್ಡಿನಲ್ಲಿ ಕಾಣಲಿ.

ಮುಂದಿನ ವರ್ಷ ಅಂತಿಮ ಪ್ರಾಜೆಕ್ಟ್ ಇದೆ. ‘ನನ್ನನ್ನು ನಿನ್ನ ತಂಡಕ್ಕೆ ಸೇರಿಸಿಕೊಳ್ತೀಯಾ?’ ಎಂದು ಈ ಸಲ ನಾನೇ ಅವಳನ್ನು ಕೇಳಬೇಕು.