ಓಟಿಪಿ ಕೇಳುವ ಮಕ್ಕಳೂ, ಊರಿಗೆ ಹೋದ ಹಳೇ ಲ್ಯಾಪ್‌ಟಾಪೂ

ಊರಲ್ಲಿರುವ ತಂದೆ-ತಾಯಿಗೆ ಲ್ಯಾಪ್‌ಟಾಪ್ ಕೊಡಿಸಬೇಕೋ ಟ್ಯಾಬ್ಲೆಟ್ ಕೊಡಿಸಬೇಕೋ ಅನ್ನುವ ಚರ್ಚೆ ನಮ್ಮ ಮುಂಬೈ ಕನ್ನಡಿಗರಲ್ಲಿ ಹಬ್ಬ ಬಂದಾಗಲೆಲ್ಲ ಏಳುತ್ತದೆ. ಮಾಟುಂಗಾದಲ್ಲಿ ಕಾರ್ಯಕ್ರಮ ಮುಗಿಸಿ ಚಹಾ ಕುಡಿಯುವಾಗ, ಡೊಂಬಿವಲಿ ಲೋಕಲ್‌ನಲ್ಲಿ ಜೋತಾಡುವಾಗ, ಎಲ್ಲೆಲ್ಲೂ ಇದೇ ಮಾತು. "ಟ್ಯಾಬ್ಲೆಟ್ ಅಂದ್ರ ಹುಡುಗರ ಆಟದ ಸಾಮಾನ ರೀ. ಕೊಡಸೂದಾದ್ರ ಲ್ಯಾಪ್‌ಟಾಪ್ ಕೊಡಸಬೇಕು, ಎಲ್ಲಾ ಕೆಲಸಕ್ಕೂ ಆಗ್ತದ" ಅನ್ನುವವರೇ ಜಾಸ್ತಿ.

ಈ "ಎಲ್ಲಾ ಕೆಲಸ" ಯಾರದು ಸ್ವಾಮಿ? ಎಕ್ಸೆಲ್ ನಿಮ್ಮದು, ಕಾಲೇಜಿನ ಪ್ರಾಜೆಕ್ಟು ನಿಮ್ಮ ಮಗಳದು. ಧಾರವಾಡದಲ್ಲಿ ಕೂತಿರುವ ಎಂಬತ್ತರ ಅಪ್ಪನಿಗೆ ಬೇಕಾದದ್ದು ಮೊಮ್ಮಗಳ ಮುಖ, ಕನ್ನಡ ಪೇಪರು, ಭೀಮಸೇನ ಜೋಶಿಯವರ ಹಾಡು. ಇಷ್ಟಕ್ಕೆ ಮುಚ್ಚಳ ತೆಗೆದು, ಪಾಸ್‌ವರ್ಡ್ ಒತ್ತಿ, ಅಪ್‌ಡೇಟ್ ಮುಗಿಯುವವರೆಗೆ ಕಾದು, ಬೆರಳಗಲದ ಪಟ್ಟಿಯ ಮೇಲೆ ಬಾಣ ಓಡಿಸಿ ಡಬಲ್ ಕ್ಲಿಕ್ ಮಾಡಬೇಕೆ?

ಇನ್ನು ಹೊಸದನ್ನಾದರೂ ಕೊಡುತ್ತೇವೆಯೇ ಅಂದರೆ, ಬಹಳ ಮನೆಗಳಲ್ಲಿ ಅದೂ ಇಲ್ಲ! ತಾವು ಹೊಸತು ಕೊಂಡು, ಐದಾರು ವರ್ಷ ಉಜ್ಜಿದ ಹಳೆಯದನ್ನು ಊರಿಗೆ ಸಾಗಿಸುತ್ತಾರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ 11ರ ಷರತ್ತಿಗೆ ಹೊಂದುವುದಿಲ್ಲ. ಅಂಥದ್ದರ ಮೇಲೆ ಅಪ್ಪನ ನೆಟ್‌ಬ್ಯಾಂಕಿಂಗ್ ಬೇರೆ! ಬಾಗಿಲ ಚಿಲಕ ಸಡಿಲಾದ ಮನೆಯಲ್ಲಿ ತಿಜೋರಿ ಇಟ್ಟ ಹಾಗೆ.

ನನ್ನ ವಾದ ಇಷ್ಟೇ. ವಯಸ್ಸಾದವರಿಗೆ ದೊಡ್ಡ ಪರದೆ ಕೊಡಿ, ಆದರೆ ಆ ಪರದೆಯಲ್ಲಿ ದುಡ್ಡು ಇರಬಾರದು. ಇದಕ್ಕೆ ವೈಫೈ ಮಾತ್ರ ಇರುವ ಸಾದಾ ಟ್ಯಾಬ್ಲೆಟ್‌ನಷ್ಟು ಒಳ್ಳೆಯದು ಇನ್ನೊಂದಿಲ್ಲ. "ಅದರಲ್ಲಿ ಸಿಮ್ ಇಲ್ಲ, ಯುಪಿಐ ಆಗೋದಿಲ್ಲ" ಎಂದು ಮೂಗು ಮುರಿಯುತ್ತೀರಲ್ಲ, ನಾನು ಅದನ್ನೇ ಅದರ ದೊಡ್ಡ ಗುಣ ಅನ್ನುತ್ತೇನೆ. ಮುಟ್ಟಿದರೆ ತೆರೆಯುತ್ತದೆ, ಎರಡು ಬೆರಳು ಅಗಲಿಸಿದರೆ ಅಕ್ಷರ ದೊಡ್ಡದಾಗುತ್ತದೆ, ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ತಾನೇ ಬರೆದುಕೊಳ್ಳುತ್ತದೆ. ನಮ್ಮ ಅವ್ವ ಅದನ್ನು ಸ್ಟ್ಯಾಂಡಿಗೆ ಒರಗಿಸಿಟ್ಟು, ಕಾಯಿಪಲ್ಯ ಹೆಚ್ಚುತ್ತಾ ನಮ್ಮೊಡನೆ ಮಾತಾಡುತ್ತಾಳೆ. ಲ್ಯಾಪ್‌ಟಾಪ್‌ನಲ್ಲಿ ಇದನ್ನು ಮಾಡಿ ತೋರಿಸಿ!

ಎಲ್ಲರಿಗೂ ಟ್ಯಾಬ್ಲೆಟ್ಟೇ ಸರಿ ಅನ್ನುವ ಹಟ ನನಗಿಲ್ಲ. ನುಡಿ, ಬರಹ ಕಲಿತು ಈಗಲೂ ಲೇಖನ ಟೈಪು ಮಾಡುವ ನಿವೃತ್ತ ಮೇಷ್ಟ್ರುಗಳಿದ್ದಾರೆ. ಅವರ ಕೈಯಿಂದ ಕೀಲಿಮಣೆ ಕಿತ್ತುಕೊಳ್ಳುವುದು ಪಾಪದ ಕೆಲಸ. ಕೈ ನಡುಗುವವರಿಗೂ ಪರದೆ ಮುಟ್ಟುವುದಕ್ಕಿಂತ ಗುಂಡಿ ಒತ್ತುವುದು ಸಲೀಸು. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಅಪ್ಪನನ್ನು ಒಂದು ಮಾತು ಕೇಳಿ. ಇಷ್ಟು ಸಣ್ಣ ಕೆಲಸ ಮಾಡುವವರೇ ಕಡಿಮೆ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಳೆದವನು ಹೇಳುತ್ತಿದ್ದೇನೆ, ಸ್ವಲ್ಪ ಖಾರವಾದರೂ ಸಹಿಸಿಕೊಳ್ಳಿ. ವಾರಕ್ಕೊಮ್ಮೆ ಫೋನು ಮಾಡಿ "ಅವ್ವಾ, ಓಟಿಪಿ ಬಂತೇನ? ಲಗೂ ಹೇಳು" ಅನ್ನುವ ಮಕ್ಕಳಿದ್ದಾರಲ್ಲ, ಅವರೇ ಮೋಸಗಾರರಿಗೆ ದಾರಿ ಮಾಡಿಕೊಡುವವರು. ಫೋನಿನಲ್ಲಿ ಕೇಳಿದವರಿಗೆ ನಂಬರು ಹೇಳಬೇಕು ಎಂಬ ಅಭ್ಯಾಸವನ್ನು ತಾಯಿಗೆ ಕಲಿಸಿದವರು ಯಾರು? ಕರೆಂಟು ಬಿಲ್ಲು, ಗ್ಯಾಸು, ರೈಲಿನ ಟಿಕೆಟ್ಟು ಎಂದು ಐವತ್ತು ಸಲ ಹೇಳಿಸಿಕೊಂಡು, ಐವತ್ತೊಂದನೇ ಸಲ ಅದನ್ನೇ ಬೇರೆಯವನು ಕೇಳಿದಾಗ "ಅಷ್ಟೂ ತಿಳೀಲಿಲ್ಲೇನ?" ಎಂದು ತಾಯಿಯನ್ನು ಬಯ್ಯುವುದು ಯಾವ ನ್ಯಾಯ?

ಕಾನೂನೂ ಇಲ್ಲಿ ಕೈಹಿಡಿಯುವುದು ಕಷ್ಟ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿದ್ದು ಹೀಗೆ: ಬ್ಯಾಂಕು, ಗ್ರಾಹಕ ಇಬ್ಬರದೂ ತಪ್ಪಿಲ್ಲದೆ ಹೊರಗಿನವರ ಕೈವಾಡದಿಂದ ಹಣ ಹೋದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನ ಹೊಣೆ ಸೊನ್ನೆ. ಆದರೆ ಗುಟ್ಟಿನ ಸಂಖ್ಯೆಯನ್ನು ತಾನೇ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಅವನದೇ. ನನ್ನ ಮೇಜಿನ ಎದುರು ಕೂತು ಅತ್ತ ಹಿರಿಯರಿಗೆ ಈ ನಿಯಮ ಓದಿ ಹೇಳುವ ಸಂಕಟ ನನಗೆ ಗೊತ್ತು.

ಹಾಗಾದರೆ ಏನು ಮಾಡಬೇಕು? ತಾಯಿಯ ಹೆಸರಿನಲ್ಲಿ ಕಳ್ಳನಂತೆ ಲಾಗಿನ್ ಆಗಬೇಡಿ. ರಾಜಮಾರ್ಗ ಇದೆ. ಖಾತೆಯನ್ನು ಜಂಟಿ ಮಾಡಿಸಿ, "ಐದರ್ ಆರ್ ಸರ್ವೈವರ್" ಎಂದು ಬರೆಸಿ, ಅಥವಾ ಅವರಿಂದ ಮ್ಯಾಂಡೇಟ್ ಪಡೆಯಿರಿ. ಆಮೇಲೆ ನಿಮ್ಮ ಲಾಗಿನ್, ನಿಮ್ಮ ಓಟಿಪಿ, ನಿಮ್ಮ ಜವಾಬ್ದಾರಿ. ಅವರ ಫೋನಿಗೆ ಜೋಡಿಸಿದ ಖಾತೆಯಲ್ಲಿ ತಿಂಗಳ ಖರ್ಚಿನಷ್ಟು ಮಾತ್ರ ಇರಲಿ. ಠೇವಣಿ ಇರುವ ಖಾತೆಗೆ "ನೋಡಲು ಮಾತ್ರ" ಹಕ್ಕು ಸಾಕು, ಹಲವು ಬ್ಯಾಂಕುಗಳು ಅದನ್ನು ಕೊಡುತ್ತವೆ.

ವಿಡಿಯೋ ಕರೆಯಲ್ಲಿ ಪೊಲೀಸ್ ವೇಷ ಹಾಕಿ ಹೆದರಿಸುವ "ಡಿಜಿಟಲ್ ಅರೆಸ್ಟ್" ಟ್ಯಾಬ್ಲೆಟ್‌ಗೂ ಬರಬಹುದು, ನಿಜ. ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ ಎಂದು ಪ್ರಧಾನಿಯವರೇ 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಹೇಳಿದರು. ವಾಟ್ಸಾಪ್‌ನಲ್ಲಿ ಅಪರಿಚಿತರ ಕರೆ ಸದ್ದು ಮಾಡದಂತೆ ಇಡಬಹುದು. ಈಗಲೇ ಇಟ್ಟುಬಿಡಿ. 1930 ಎಂಬ ಸೈಬರ್ ಸಹಾಯವಾಣಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿ.

ನಮ್ಮ ಬ್ಯಾಂಕಿನವರಿಗೂ ಎರಡು ಮಾತು ಹೇಳದಿದ್ದರೆ ಈ ಬರಹ ಅರ್ಧವೇ. 70 ದಾಟಿದವರಿಗೆ ನಗದು ಕೊಡುವುದು-ಒಯ್ಯುವುದು, ಡಿ.ಡಿ. ತಲುಪಿಸುವುದು, ಜೀವನ ಪ್ರಮಾಣಪತ್ರ ಪಡೆಯುವುದು, ಇವನ್ನೆಲ್ಲ ಮನೆಬಾಗಿಲಲ್ಲೇ ಮಾಡಲು ಯತ್ನಿಸಬೇಕೆಂದು ರಿಸರ್ವ್ ಬ್ಯಾಂಕ್ ತಿಳಿಸಿದ್ದು 2017ರ ನವೆಂಬರ್ 9ರಂದು. ಆದರೆ ಕೌಂಟರಿಗೆ ಕೋಲೂರಿ ಬಂದ ಅಜ್ಜನಿಗೆ "ಆ್ಯಪ್‌ನಲ್ಲಿ ಮಾಡ್ಕೊಳ್ರಿ" ಅನ್ನುವ ಹುಡುಗರು ಕಡಿಮೆಯಿಲ್ಲ. ಆ್ಯಪ್ ಬಂದದ್ದು ಸಾಲು ಕಡಿಮೆ ಮಾಡಲಿಕ್ಕೆ, ಅಜ್ಜನನ್ನು ಹೊರಗೆ ಹಾಕಲಿಕ್ಕಲ್ಲ. ಪಾಸ್‌ಬುಕ್ಕನ್ನು ಕಣ್ಣಿಗೆ ಹತ್ತಿರ ಹಿಡಿದು ಲೆಕ್ಕ ನೋಡುವುದು ಅವರ ಹಕ್ಕು.

ಕೊನೆಯದಾಗಿ, ಯಾವ ಯಂತ್ರವನ್ನೇ ಕೊಡಿ, ಜೊತೆಗೆ ನಾಲ್ಕು ದಿನ ರಜೆಯನ್ನೂ ಕೊಡಿ. ಪಕ್ಕದಲ್ಲಿ ಕೂತು, ಯಂತ್ರವನ್ನು ಅವರ ಕೈಯಲ್ಲೇ ಬಿಟ್ಟು, ನಿಮ್ಮ ಕೈ ಕಟ್ಟಿಕೊಂಡು ಕಲಿಸಿ. ಅವರು ನಮಗೆ ಅಕ್ಷರ ತಿದ್ದಿಸುವಾಗ ಬಳಪ ಕಸಿದುಕೊಂಡಿರಲಿಲ್ಲ. ಅದಕ್ಕೂ ಪುರುಸೊತ್ತಿಲ್ಲ ಅನ್ನುವವರು ಸುಮ್ಮನೆ ದುಡ್ಡು ಉಳಿಸಿಕೊಳ್ಳಿ, ದಿನಾ ಸಂಜೆ ಹತ್ತು ನಿಮಿಷ ಫೋನು ಮಾಡಿ.

ಏನಂತೀರಿ?